ಹೊಸ್ತಿಲಿನಿಂದ ಬಚ್ಚಲಿನವರೆಗೆ: ಸಾಧನ ಸಲಕರಣೆಗಳ ಕುರಿತು ಮೂರು ಶಾಲೆಗಳಲ್ಲಿ ಮಾಡಿದ ಒಂದು ಪಾಠ

ಹಿನ್ನೆಲೆ

ಬಿ.ಇಡಿ. ಎರಡನೆಯ ವರ್ಷದ ಇಂಟರ್ನ್‌ಶಿಪ್ ಅವಧಿಯಲ್ಲಿ ನಾನು ಕೊಳ್ಳೇಗಾಲ ಪಟ್ಟಣದ ಒಂದು ಪ್ರೌಢಶಾಲೆಯಲ್ಲಿದ್ದೆ. ನನ್ನ ಸಹಪಾಠಿಗಳಲ್ಲಿ ಒಬ್ಬರು ಹನೂರು ತಾಲ್ಲೂಕಿನ ಹಳ್ಳಿಯೊಂದರ ಶಾಲೆಗೆ, ಇನ್ನೊಬ್ಬರು ಯಳಂದೂರಿನ ಶಾಲೆಗೆ ನಿಯೋಜನೆಗೊಂಡಿದ್ದರು. ಮೂವರದೂ ವಿಜ್ಞಾನ ಬೋಧನಾ ವಿಷಯ. ಒಂದೇ ಪಾಠವನ್ನು ಮೂರು ಕಡೆ ಬೋಧಿಸಿ, ಪ್ರತಿ ಸಲವೂ ತಿದ್ದಿ ಮುಂದಿನವರಿಗೆ ಕೊಡೋಣ ಎಂದು ಮೊದಲೇ ಮಾತಾಡಿಕೊಂಡಿದ್ದೆವು.

ಆರಿಸಿಕೊಂಡದ್ದು ಎಂಟನೆಯ ತರಗತಿಯ ‘ಬಲ ಮತ್ತು ಒತ್ತಡ’ ಹಾಗೂ ‘ಘರ್ಷಣೆ’ ಘಟಕಗಳು. ಇವನ್ನು ಮಕ್ಕಳ ಮನೆಯ ಬದುಕಿಗೆ ಜೋಡಿಸಬೇಕೆಂಬ ಆಸೆ ಇತ್ತು. ವಯಸ್ಸಾದವರು, ಅಂಗವಿಕಲತೆ ಇರುವವರು ಮನೆಯಲ್ಲಿ ಬೀಳದೆ, ಬೇರೆಯವರನ್ನು ಕಾಯದೆ ಓಡಾಡಲು ನೆರವಾಗುವ ಸಾಧನಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡರೆ ವಿಜ್ಞಾನವೂ ಆಯಿತು, ಸಾಮಾಜಿಕ ಕಾಳಜಿಯೂ ಆಯಿತು ಎಂದು ನಾನು ಲೆಕ್ಕ ಹಾಕಿದ್ದೆ. ಆ ಲೆಕ್ಕ ಮೊದಲ ದಿನವೇ ತಪ್ಪಿತು. ಹೇಗೆ ತಪ್ಪಿತು, ಏನನ್ನು ತಿದ್ದಿದೆವು ಎಂಬುದೇ ಈ ಬರಹ.

ಮೊದಲ ಪಾಠ: ಕೊಳ್ಳೇಗಾಲ

ನನ್ನ ಪಾಠ ಯೋಜನೆ ನೋಡಲು ಚೆನ್ನಾಗಿಯೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಕಟಿಸಿದ 50 ಆದ್ಯತೆಯ ಸಾಧನಗಳ ಪಟ್ಟಿಯಿಂದ ಆರಿಸಿ ಬಣ್ಣದ ಚಾರ್ಟ್ ಮಾಡಿದ್ದೆ. ಗಾಲಿಕುರ್ಚಿ, ಶ್ರವಣ ಸಾಧನ, ಬಿದ್ದರೆ ತಾನೇ ಸುದ್ದಿ ಮುಟ್ಟಿಸುವ ಯಂತ್ರ, ಮಾತನಾಡುವ ಗಡಿಯಾರ ಎಲ್ಲವೂ ಅದರಲ್ಲಿದ್ದವು. ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಇಂಥ ಒಂದಾದರೂ ಸಾಧನ ಬೇಕಾಗಿದೆ ಎಂಬ 2022ರ ಜಾಗತಿಕ ವರದಿಯ ಅಂಕಿಯನ್ನೂ ದಪ್ಪಕ್ಷರದಲ್ಲಿ ಬರೆದಿದ್ದೆ.

ಪೂರ್ವಜ್ಞಾನ ಪರೀಕ್ಷೆಗೆ ಎಂದು ಕೇಳಿದ ಪ್ರಶ್ನೆ ಇದು: “ನಿಮ್ಮಲ್ಲಿ ಯಾರ ಮನೆಯಲ್ಲಿ ಅಂಗವಿಕಲರು ಇದ್ದಾರೆ? ಕೈ ಎತ್ತಿ.”

ಯಾರೂ ಕೈ ಎತ್ತಲಿಲ್ಲ. ನಾನು ಮತ್ತೆ ಕೇಳಿದೆ. ಎರಡನೆಯ ಬೆಂಚಿನ ಹುಡುಗನೊಬ್ಬ ಹಿಂದಕ್ಕೆ ತಿರುಗಿ, “ಮಿಸ್, ಇವಳ್ ಮನೇಲಿ ಅವ್ರ” ಎಂದು ಒಬ್ಬ ಹುಡುಗಿಯತ್ತ ಬೆರಳು ತೋರಿಸಿದ. ಎರಡು ಮೂರು ಜನ ನಕ್ಕರು. ಆ ಹುಡುಗಿ ತಲೆ ಬಗ್ಗಿಸಿ ಪುಸ್ತಕದೊಳಗೆ ಮುಖ ಇಟ್ಟಳು. ನಾನು ನಗಬೇಡಿ ಎಂದು ಗದರಿಸಿ, ಅಂಗವಿಕಲರನ್ನು ಗೌರವಿಸಬೇಕು ಎಂದು ಐದು ನಿಮಿಷ ಉಪದೇಶ ಮಾಡಿ, ಚಾರ್ಟಿಗೆ ಹೋದೆ. ಮಕ್ಕಳು ಚಿತ್ರಗಳ ಹೆಸರುಗಳನ್ನು ಬಾಯಿಪಾಠದಂತೆ ಹೇಳಿದರು. ಆ ಹುಡುಗಿ ಮುಂದಿನ ಎರಡು ದಿನ ಶಾಲೆಗೆ ಬರಲಿಲ್ಲ.

ಪಾಠ ವೀಕ್ಷಿಸಿದ ನಮ್ಮ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಕಪ್ಪು ಹಲಗೆ ಬಳಕೆಗೂ ಧ್ವನಿಗೂ ಒಳ್ಳೆಯ ಅಂಕವನ್ನೇ ಕೊಟ್ಟಿದ್ದರು. ಕೊನೆಯಲ್ಲಿ ಮಾತ್ರ ಒಂದು ಸಾಲು ಬರೆದಿದ್ದರು: “ನೀವು ಮನೆಯ ಬಗ್ಗೆ ಕೇಳಬೇಕಿತ್ತು. ಮನೆಯವರ ಬಗ್ಗೆ ಕೇಳಿದಿರಿ.”

ಆ ಸಾಲನ್ನು ಇಟ್ಟುಕೊಂಡು ಅಂದು ಸಂಜೆ ನಾವು ಮೂವರೂ ಫೋನಿನಲ್ಲಿ ತುಂಬ ಹೊತ್ತು ಮಾತಾಡಿದೆವು. ನನ್ನ ಪ್ರಶ್ನೆ ತೊಂದರೆಯನ್ನು ಮನುಷ್ಯನ ಮೈಯಲ್ಲಿ ಇಟ್ಟಿತ್ತು. ಕೈ ಎತ್ತಿದ ಮಗು ತನ್ನವರನ್ನು ತರಗತಿಯ ಮುಂದೆ ತಂದು ನಿಲ್ಲಿಸಬೇಕಿತ್ತು. ಆದರೆ ತೊಂದರೆಯ ಅರ್ಧ ಪಾಲು ಇರುವುದು ಹೊಸ್ತಿಲಿನಲ್ಲಿ, ಒದ್ದೆ ಬಚ್ಚಲಿನಲ್ಲಿ, ಬೆಳಕಿಲ್ಲದ ನಡುಮನೆಯಲ್ಲಿ. ಅವನ್ನು ಅಳೆಯಬಹುದು. ಹೊಸ್ತಿಲಿಗೆ ನಾಚಿಕೆಯಾಗುವುದಿಲ್ಲ.

ತಿದ್ದಿದ ಯೋಜನೆ

ಚಾರ್ಟನ್ನು ಬಿಟ್ಟೆವು. ಅದರ ಬದಲು ಪ್ರತಿ ಮಗುವಿಗೂ ಒಂದು ಹಾಳೆ ಕೊಡುವುದೆಂದು ತೀರ್ಮಾನಿಸಿದೆವು. ಹಾಳೆಯ ಮೇಲೆ ಮಗುವಿನ ಹೆಸರಾಗಲೀ ಮನೆಯವರ ಹೆಸರಾಗಲೀ ಇಲ್ಲ. ಕೆಲಸ ಇಷ್ಟು: ಮಲಗುವ ಜಾಗದಿಂದ ಬಚ್ಚಲಿಗೆ ನಡೆದು ಹೋಗಿ ಐದು ಸಂಗತಿ ಬರೆಯಬೇಕು.

1. ಎಷ್ಟು ಹೆಜ್ಜೆ?
2. ದಾರಿಯಲ್ಲಿ ಎಷ್ಟು ಹೊಸ್ತಿಲು, ಮೆಟ್ಟಿಲು? ಪ್ರತಿಯೊಂದರ ಎತ್ತರ ಎಷ್ಟು ಸೆಂ.ಮೀ.?
3. ಎಲ್ಲಿ ನೆಲ ಒದ್ದೆ ಇರುತ್ತದೆ?
4. ರಾತ್ರಿ ಎಲ್ಲಿ ಬೆಳಕು ಇಲ್ಲ?
5. ಕಾಲು ಜಾರಿದರೆ ಕೈಗೆ ಏನು ಸಿಗುತ್ತದೆ? ಅದು ಭಾರ ತಡೆಯುತ್ತದೆಯೇ?

ಪ್ರತಿ ಮಗುವಿನ ಮನೆಯಲ್ಲೂ ಈ ದಾರಿ ಇದ್ದೇ ಇರುತ್ತದೆ. ಹಾಗಾಗಿ ಯಾರೂ ಬೇರೆಯವರಾಗಿ ಕಾಣುವುದಿಲ್ಲ. ಐದನೆಯ ಪ್ರಶ್ನೆ ನಮಗೇ ಕಣ್ಣು ತೆರೆಸಿತು. ಹೆಚ್ಚಿನ ಮನೆಗಳಲ್ಲಿ ಜಾರಿದವರು ಹಿಡಿಯುವುದು ನಲ್ಲಿಯನ್ನು, ಟವೆಲ್ ಹಾಕುವ ಕಂಬಿಯನ್ನು ಅಥವಾ ಹಂಡೆಯ ಅಂಚನ್ನು. ಟವೆಲಿನ ಭಾರಕ್ಕೆ ಹೊಡೆದ ಮೊಳೆ ಮನುಷ್ಯನ ಭಾರಕ್ಕೆ ಕಿತ್ತು ಬರುತ್ತದೆ. ಹಂಡೆಯ ಅಂಚನ್ನು ಹಿಡಿದರೆ ಸುಡುತ್ತದೆ.

ಎರಡನೆಯ ಪಾಠ: ಹನೂರು

ಹನೂರಿನ ಶಾಲೆಯಲ್ಲಿ ನನ್ನ ಸಹಪಾಠಿ ಬೋಧಿಸಿದರು, ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡೆ. ಹಾಳೆಗಳು ತುಂಬಿ ಬಂದಿದ್ದವು. ಹೊಸ್ತಿಲಿನ ಅಳತೆಗಳನ್ನು ಹಲಗೆಯ ಮೇಲೆ ಬರೆಯುತ್ತಿದ್ದಂತೆ ಒಬ್ಬ ಹುಡುಗ ತಾನಾಗಿಯೇ ಎದ್ದು, ತಮ್ಮ ಮನೆಯ ವಾಕರ್ ಅಟ್ಟದ ಮೇಲಿದೆ ಎಂದ. ಯಾವುದೋ ಶಿಬಿರದಲ್ಲಿ ಕೊಟ್ಟದ್ದಂತೆ. ಹೊಸ್ತಿಲು 20 ಸೆಂ.ಮೀ. ಎತ್ತರ. ವಾಕರ್ ಎತ್ತಿ ಆಚೆ ಇಡುವಾಗ ಹಿಡಿಯಲು ಏನೂ ಇರುವುದಿಲ್ಲ. ಹೀಗಾಗಿ ಅಜ್ಜಿ ಅದನ್ನು ಬಿಟ್ಟು ಗೋಡೆ ಹಿಡಿದೇ ಓಡಾಡುತ್ತಾರೆ.

ಇಲ್ಲಿಂದ ಪಾಠ ತಾನಾಗಿ ನಡೆಯಿತು. ಸಹಪಾಠಿ ಇಳಿಜಾರಿನ ನಿಯಮ ಹೇಳಿದರು: 1 ಪಾಲು ಏರಲು 12 ಪಾಲು ಉದ್ದ ಬೇಕು. ಮಕ್ಕಳು ಲೆಕ್ಕ ಮಾಡಿದರು. 20 ಸೆಂ.ಮೀ. ಹೊಸ್ತಿಲಿಗೆ 240 ಸೆಂ.ಮೀ. ಇಳಿಜಾರು ಬೇಕು. ಹುಡುಗನ ಮನೆ ಮುಂದಿನ ಓಣಿಯ ಅಗಲ 150 ಸೆಂ.ಮೀ. ಮಾತ್ರ. ಇಳಿಜಾರು ಎದುರು ಮನೆಯ ಜಗಲಿಗೆ ಹೋಗಿ ಮುಟ್ಟುತ್ತದೆ ಎಂದು ತರಗತಿಯೇ ನಕ್ಕಿತು. ಈ ನಗು ಕೊಳ್ಳೇಗಾಲದ ನಗುವಿನಂಥದ್ದಲ್ಲ ಎಂಬುದನ್ನು ಗಮನಿಸಿದೆ. ಆ ಹುಡುಗನೂ ನಗುತ್ತಿದ್ದ.

ಹಾಗಾದರೆ ಇನ್ನೇನು ಮಾಡಬಹುದು? ಗುಂಪುಗಳಲ್ಲಿ ಚರ್ಚೆಯಾಯಿತು. ಒಂದು ಗುಂಪು ಅರ್ಧ ಮೆಟ್ಟಿಲು ಸೂಚಿಸಿತು: ಹೊಸ್ತಿಲಿನ ಎರಡೂ ಬದಿ 10 ಸೆಂ.ಮೀ. ಎತ್ತರದ ಚಪ್ಪಡಿ ಹಾಕಿದರೆ ಒಂದು ದೊಡ್ಡ ಏರು ಎರಡು ಸಣ್ಣ ಏರಾಗುತ್ತದೆ. ಇನ್ನೊಂದು ಗುಂಪು ತಕ್ಷಣ ಪ್ರಶ್ನಿಸಿತು: ಚಪ್ಪಡಿಯ ಮೇಲೆ ವಾಕರಿನ ನಾಲ್ಕೂ ಕಾಲು ಕೂರಬೇಡವೇ? ಸರಿಯಾದ ಪ್ರಶ್ನೆ. ವಾಕರನ್ನು ಅಟ್ಟದಿಂದ ಇಳಿಸಿ ಕಾಲುಗಳ ನಡುವಿನ ಅಂತರ ಅಳೆದು ಬರುವುದು ಹುಡುಗನ ಮನೆಗೆಲಸವಾಯಿತು. ಬಾಗಿಲ ಚೌಕಟ್ಟಿಗೆ ಒಂದು ಗಟ್ಟಿ ಹಿಡಿ ಹಾಕಿದರೆ ದಾಟುವ ಆ ಒಂದು ಕ್ಷಣಕ್ಕೆ ಆಸರೆಯಾಗುತ್ತದೆ ಎಂಬುದು ಮೂರನೆಯ ಗುಂಪಿನ ಸಲಹೆ. ಮಣ್ಣಿನ ಗೋಡೆಗೆ ಬೋಲ್ಟ್ ನಿಲ್ಲುವುದಿಲ್ಲ, ಬಚ್ಚಲಿನಲ್ಲಿ ನೆಲದಿಂದ ತೊಲೆಯವರೆಗೆ ಒಂದು ಮರದ ಕಂಬ ನೆಡುವುದೇ ಮೇಲು ಎಂದು ಗಾರೆ ಕೆಲಸದವರ ಮಗನೊಬ್ಬ ಹೇಳಿದ. ಇದು ನಮ್ಮ ಮೂವರ ಯೋಜನೆಯಲ್ಲೂ ಇರಲಿಲ್ಲ.

ಅದೇ ಅವಧಿಯ ಕೊನೆಯಲ್ಲಿ ಒಬ್ಬ ಹುಡುಗಿ ಹೇಳಿದ ಮಾತನ್ನು ನಾನು ಇದ್ದಂತೆಯೇ ಬರೆದುಕೊಂಡಿದ್ದೇನೆ: “ನಮ್ಮಜ್ಜಿ ಸುಕ್ರುವಾರ ಯಡವಲ್ಲ ಮಿಸ್. ಅರಿಸಿನ ಬಳ್ದಿರ್ತರಲ್ಲ, ಹೊಸ್ಲು ಚೆನ್ನಾಗ್ ಕಾಣ್ತದ.”

ಹೊಸ್ತಿಲಿಗೆ ಅರಿಸಿನ ಬಳಿಯುವುದು ಪೂಜೆಗೆ. ಆದರೆ ಕಪ್ಪು ನೆಲದ ಮೇಲಿನ ಹಳದಿ ಪಟ್ಟಿ ಮಂದವಾದ ಕಣ್ಣಿಗೆ ಎಚ್ಚರಿಕೆಯೂ ಹೌದು. ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಹಾಕಬೇಕೆಂದು ಸುರಕ್ಷತೆಯ ಪುಸ್ತಕಗಳು ಹೇಳುವುದೂ ಇದನ್ನೇ. ಸೋಮವಾರದ ಹೊತ್ತಿಗೆ ಅರಿಸಿನ ಮಾಸುತ್ತದೆ, ಹಳದಿ ಪೇಂಟ್ ಮಾಸುವುದಿಲ್ಲ. ಸಣ್ಣ ಡಬ್ಬಿ ಪೇಂಟ್ ತರಗತಿಯ ಎಲ್ಲರ ಹೊಸ್ತಿಲಿಗೂ ಸಾಕಾಗುತ್ತದೆ ಎಂದು ಮಕ್ಕಳೇ ಲೆಕ್ಕ ಹಾಕಿದರು.

ಘರ್ಷಣೆಯ ಭಾಗ

ಹನೂರಿನಲ್ಲೇ ಮರುದಿನ ಘರ್ಷಣೆಯ ಚಟುವಟಿಕೆ ನಡೆಯಿತು. ಇಟ್ಟಿಗೆಗೆ ದಾರ ಕಟ್ಟಿ ಸ್ಪ್ರಿಂಗ್ ತ್ರಾಸಿನಿಂದ ಎಳೆದು, ಒಣ ಸಿಮೆಂಟ್ ನೆಲ, ಸೋಪು ನೀರು ಬಿದ್ದ ನೆಲ, ಗೋಣಿತಾಟು ಹಾಸಿದ ನೆಲ ಮೂರರಲ್ಲೂ ಅದು ಚಲಿಸಲು ಬೇಕಾದ ಬಲವನ್ನು ಹೋಲಿಸಿದರು. ನಂತರ ಊರುಗೋಲು. ಕೋಲಿನ ತುದಿಯ ರಬ್ಬರ್ ಬುಷ್ ಸವೆದರೆ ಅದರ ಗೆರೆಗಳು ಹೋಗಿ ನೆಲವನ್ನು ಹಿಡಿಯುವ ಶಕ್ತಿ ಕಡಿಮೆಯಾಗುತ್ತದೆ. ಬುಷ್ ಬದಲಿಸುವುದಕ್ಕೆ ಕೋಲನ್ನೇ ಬದಲಿಸಬೇಕಿಲ್ಲ.

ಊರುಗೋಲಿನ ಬಗ್ಗೆ ಮಕ್ಕಳಿಗಷ್ಟೇ ಅಲ್ಲ, ನಮಗೂ ಗೊತ್ತಿಲ್ಲದ ಮೂರು ಸಂಗತಿಗಳಿದ್ದವು. ಮುಂದೆ ಬೋಧಿಸುವವರಿಗೆ ಉಪಯೋಗವಾಗಲೆಂದು ಬರೆಯುತ್ತೇನೆ.

ಒಂದು, ಎತ್ತರ. ಚಪ್ಪಲಿ ಹಾಕಿಕೊಂಡು ನೆಟ್ಟಗೆ ನಿಂತು ತೋಳು ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿಗೆ ಬರುತ್ತದೋ ಕೋಲಿನ ಹಿಡಿ ಅಲ್ಲಿರಬೇಕು. ಆಗ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರುತ್ತದೆ. ಉದ್ದ ಹೆಚ್ಚಾದರೆ ಭುಜ ಎತ್ತಬೇಕು, ಕಡಿಮೆಯಾದರೆ ಬಗ್ಗಬೇಕು.

ಎರಡು, ಯಾವ ಕೈ. ಎಡಗಾಲಿಗೆ ನೋವಿದ್ದರೆ ಕೋಲು ಬಲಗೈಯಲ್ಲಿರಬೇಕು. ನೋವಿನ ಕಾಲು ಊರುವಾಗಲೇ ಎದುರು ಬದಿಯ ಕೋಲೂ ಊರಿದರೆ ಭಾರ ಎರಡಕ್ಕೂ ಹಂಚಿಕೆಯಾಗುತ್ತದೆ. ಬಹಳ ಮಂದಿ ನೋವಿರುವ ಬದಿಯಲ್ಲೇ ಹಿಡಿಯುತ್ತಾರೆ.

ಮೂರು, ಮೆಟ್ಟಿಲು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮತ್ತು ಕೋಲು ಮೊದಲು.

ಮಕ್ಕಳು ಒಬ್ಬರ ಮಣಿಕಟ್ಟಿನ ಎತ್ತರವನ್ನು ಇನ್ನೊಬ್ಬರು ಅಳೆದರು. ಒಂದೇ ವಯಸ್ಸಿನವರಲ್ಲೂ ಅಳತೆಗಳು ಬೇರೆ ಬೇರೆ ಬಂದವು. ‘ಎಲ್ಲರಿಗೂ ಒಂದೇ ಕೋಲು ಆಗದು’ ಎಂಬುದನ್ನು ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ.

ಮೂರನೆಯ ಪಾಠ: ಯಳಂದೂರು

ಯಳಂದೂರಿನ ಸಹಪಾಠಿ ಒತ್ತಡದ ಪಾಠಕ್ಕೆ ಚಪ್ಪಲಿಯನ್ನು ಆರಿಸಿಕೊಂಡರು. ಅದಕ್ಕೆ ಆ ತಾಲ್ಲೂಕಿನದೇ ಆದ ಹಿನ್ನೆಲೆಯಿದೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿದ್ದು ಯಳಂದೂರು ತಾಲ್ಲೂಕಿನಲ್ಲಿ ವ್ಯಾಪಕವಾಗಿದ್ದ ಕುಷ್ಠರೋಗವನ್ನು ಎದುರಿಸಲು. ಬಹು ಔಷಧ ಚಿಕಿತ್ಸೆಯಿಂದ ರೋಗ ಪೂರ್ತಿ ಗುಣವಾಗುತ್ತದೆ, ಔಷಧ ಉಚಿತ. ಆದರೆ ತಡವಾಗಿ ಚಿಕಿತ್ಸೆ ಪಡೆದವರಲ್ಲಿ ನರಗಳಿಗೆ ಆದ ಹಾನಿ ಉಳಿದುಬಿಡುತ್ತದೆ. ಅಂಗೈ ಅಂಗಾಲುಗಳಿಗೆ ನೋವು, ಬಿಸಿ ತಿಳಿಯುವುದಿಲ್ಲ.

ನೋವು ತಿಳಿಯದಿರುವುದು ಒಳ್ಳೆಯದಲ್ಲವೇ ಎಂದು ಮಕ್ಕಳನ್ನು ಕೇಳಿ ಪಾಠ ಆರಂಭವಾಯಿತು. ಮುಳ್ಳು ಚುಚ್ಚಿದ್ದು ತಿಳಿಯದಿದ್ದರೆ? ಚಪ್ಪಲಿಯೊಳಗೆ ಕಲ್ಲು ಸೇರಿ ಇಡೀ ದಿನ ಒತ್ತಿದರೆ? ಬಿಸಿ ಲೋಟ ಹಿಡಿದ ಕೈ ಸುಡುತ್ತಿರುವುದು ಗೊತ್ತೇ ಆಗದಿದ್ದರೆ? ಮಕ್ಕಳು ಸುಮ್ಮನಾದರು.

ನಂತರ ಲೆಕ್ಕ. ಗ್ರಾಫ್ ಹಾಳೆಯ ಮೇಲೆ ಪಾದವಿಟ್ಟು ಸುತ್ತ ಗೆರೆ ಎಳೆದು ಚೌಕಗಳನ್ನು ಎಣಿಸಿದರು. 50 ಕೆ.ಜಿ. ತೂಗುವ ವ್ಯಕ್ತಿಯ ತೂಕ ಸುಮಾರು 500 ನ್ಯೂಟನ್. ಎರಡೂ ಪಾದಗಳು ನೆಲವನ್ನು ಮುಟ್ಟುವ ವಿಸ್ತೀರ್ಣ 250 ಚದರ ಸೆಂ.ಮೀ. ಎಂದುಕೊಂಡರೆ ಒತ್ತಡ 20,000 ಪಾಸ್ಕಲ್. ಅದೇ ವ್ಯಕ್ತಿಯ ತೂಕದ ಹತ್ತನೆಯ ಒಂದು ಪಾಲು ಮಾತ್ರ 2 ಚದರ ಸೆಂ.ಮೀ. ಕಲ್ಲಿನ ಮೇಲೆ ಬಿದ್ದರೂ ಅಲ್ಲಿನ ಒತ್ತಡ 2,50,000 ಪಾಸ್ಕಲ್, ಅಂದರೆ ಹನ್ನೆರಡೂವರೆ ಪಟ್ಟು. ನಮ್ಮ ಕಾಲಾದರೆ ತಕ್ಷಣ ಎತ್ತುತ್ತೇವೆ. ತಿಳಿವು ಕಳೆದ ಕಾಲು ಎತ್ತುವುದಿಲ್ಲ, ಹುಣ್ಣಾಗುತ್ತದೆ.

ಎಂ.ಸಿ.ಆರ್. ಚಪ್ಪಲಿ ಇದಕ್ಕೆ ಉತ್ತರ. ಒಳಗೆ ಸೂಕ್ಷ್ಮ ಗಾಳಿಗುಳ್ಳೆಗಳಿರುವ ಮೆತ್ತನೆಯ ರಬ್ಬರು ಪಾದದ ಆಕಾರಕ್ಕೆ ಒಗ್ಗಿ ಭಾರವನ್ನು ಹೆಚ್ಚು ಜಾಗಕ್ಕೆ ಹಂಚುತ್ತದೆ. ಕೆಳಗಿನ ಗಟ್ಟಿ ಅಟ್ಟೆ ಮುಳ್ಳನ್ನು ತಡೆಯುತ್ತದೆ. ಮೊಳೆ ಹೊಡೆಯದೆ ಅಂಟಿಸಿ ಹೊಲಿದಿರುತ್ತಾರೆ, ಏಕೆಂದರೆ ಮೊಳೆ ಮೇಲೆದ್ದು ಚುಚ್ಚಿದರೆ ತಿಳಿಯುವುದಿಲ್ಲ. ಹಿಂಬದಿಗೆ ಪಟ್ಟಿ ಇರುತ್ತದೆ, ಏಕೆಂದರೆ ಚಪ್ಪಲಿ ಕಾಲಿನಿಂದ ಕಳಚಿ ಬಿದ್ದದ್ದೂ ತಿಳಿಯುವುದಿಲ್ಲ. ಪ್ರತಿಯೊಂದು ಭಾಗಕ್ಕೂ ಒಂದು ಕಾರಣವಿದೆ. ಮಧುಮೇಹದಿಂದ ಪಾದದ ತಿಳಿವು ಕಳೆದುಕೊಂಡವರಿಗೂ ಇದೇ ತತ್ವದ ಚಪ್ಪಲಿಗಳನ್ನು ಕೊಡುತ್ತಾರೆ. ಅಡುಗೆಮನೆಯಲ್ಲಿ ಇಕ್ಕಳ, ದಪ್ಪ ಮಸಿಬಟ್ಟೆ, ಮರದ ಹಿಡಿಯ ಸೌಟು, ಎರಡು ಪದರದ ಲೋಟ ಇವೂ ಆ ಕೈಗಳಿಗೆ ಸಾಧನಗಳೇ. ಸಂಜೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದು ಅಭ್ಯಾಸವಾಗಬೇಕು. ನೋವು ಹೇಳದಿದ್ದುದನ್ನು ಕಣ್ಣು ನೋಡಿ ಹೇಳಬೇಕು.

“ಮುಟ್ಟುದ್ರ ಬತ್ತದ ಮಿಸ್?” ಎಂದು ಒಬ್ಬ ಕೇಳಿಯೇ ಕೇಳಿದ. ಪ್ರಶ್ನೆಯನ್ನು ಗದರಿಸಿ ಅಡಗಿಸಬಾರದು ಎಂಬುದನ್ನು ಕೊಳ್ಳೇಗಾಲದ ನನ್ನ ಅನುಭವದಿಂದ ಕಲಿತಿದ್ದೆವು. ಕೈ ಕುಲುಕುವುದರಿಂದ, ಪಕ್ಕ ಕೂರುವುದರಿಂದ, ಒಟ್ಟಿಗೆ ಉಣ್ಣುವುದರಿಂದ ಬರುವುದಿಲ್ಲ, ಚಿಕಿತ್ಸೆ ಆರಂಭಿಸಿದವರಿಂದ ಹರಡುವುದಿಲ್ಲ ಎಂದು ಸಹಪಾಠಿ ಶಾಂತವಾಗಿ ಉತ್ತರಿಸಿದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಗಳಲ್ಲಿ ಕುಷ್ಠರೋಗದಿಂದ ಗುಣಮುಖರಾದವರೂ ಸೇರಿದ್ದಾರೆ ಎಂಬುದನ್ನೂ ತಿಳಿಸಿದರು.

ಮತ್ತೆ ಕೊಳ್ಳೇಗಾಲ

ಹದಿನೈದು ದಿನದ ನಂತರ ನನ್ನ ತರಗತಿಯಲ್ಲಿ ತಿದ್ದಿದ ಪಾಠ ಮಾಡಿದೆ. ಮೊದಲು ಮಕ್ಕಳ ಮುಂದೆ, ಹಿಂದಿನ ಸಲ ನಾನು ಕೇಳಿದ ಪ್ರಶ್ನೆ ಸರಿಯಿರಲಿಲ್ಲ ಎಂದು ಹೇಳಿದೆ. ಹೆಚ್ಚು ವಿವರಿಸಲಿಲ್ಲ. ಹಾಳೆಗಳನ್ನು ಹಂಚಿದೆ.

ನೇಕಾರರ ಮನೆಗಳಿಂದ ಬಂದ ಹಾಳೆಗಳಲ್ಲಿ ನಾವು ಊಹಿಸದ ಒಂದು ಜಾಗವಿತ್ತು: ಮಗ್ಗದ ಗುಳಿ. ಕಾಲು ಇಳಿಬಿಟ್ಟು ಕೂರಲು ನೆಲದಲ್ಲಿ ತೋಡಿದ ಗುಳಿ, ಕೆಲಸ ಮುಗಿದ ಮೇಲೆ ರಾತ್ರಿ ಹಾಗೆಯೇ ತೆರೆದಿರುತ್ತದೆ. ಅದಕ್ಕೊಂದು ಹಲಗೆ ಮುಚ್ಚಬೇಕು ಎಂದು ಬರೆದವನು ಅಂದು ಬೆರಳು ತೋರಿಸಿದ್ದ ಅದೇ ಹುಡುಗ.

ಹಾಳೆಗಳ ರಾಶಿಯಲ್ಲಿ ಒಂದರಲ್ಲಿ ಹೀಗಿತ್ತು: “ಬಚ್ಚಲಿಗೆ 14 ಹೆಜ್ಜೆ. ಬೆಳಕು ಇದೆ, ಆದರೆ ಬೆಳಕಿನಿಂದ ಪ್ರಯೋಜನ ಇಲ್ಲ. ಹಿಡಿಯಲು ಏನೂ ಇಲ್ಲ.” ಹೆಸರಿಲ್ಲದಿದ್ದರೂ ಅಕ್ಷರ ನನಗೆ ಗೊತ್ತಿತ್ತು. ನಾನು ಏನನ್ನೂ ಕೇಳಲಿಲ್ಲ. ಗೋಡೆಯುದ್ದಕ್ಕೂ ಹಗ್ಗ ಕಟ್ಟಿದರೆ ಕಣ್ಣು ಕಾಣದವರಿಗೂ ಕತ್ತಲಲ್ಲಿ ನಡೆಯುವವರಿಗೂ ದಾರಿ ತಿಳಿಯುತ್ತದೆ, ತಿರುವಿಗೊಂದು ಗಂಟು ಹಾಕಿದರೆ ಎಲ್ಲಿದ್ದೇವೆಂಬುದು ಕೈಗೆ ಗೊತ್ತಾಗುತ್ತದೆ, ಆದರೆ ಹಗ್ಗ ದಾರಿ ತೋರಿಸುತ್ತದೆಯೇ ಹೊರತು ಮೈಭಾರ ತಡೆಯುವುದಿಲ್ಲ, ಬಚ್ಚಲಿನಲ್ಲಿ ಗಟ್ಟಿ ಹಿಡಿಯೇ ಬೇಕು ಎಂದು ಇಡೀ ತರಗತಿಗೆ ವಿವರಿಸಿದೆ.

ಅವಧಿ ಮುಗಿದ ಮೇಲೆ ಆ ಹುಡುಗಿ ಮೇಜಿನ ಹತ್ತಿರ ಬಂದು, “ಹಗ್ಗ ಎಷ್ಟ್ ಎತ್ರಕ್ಕ ಕಟ್ಬೇಕು ಮಿಸ್?” ಎಂದಳು. ಪುಸ್ತಕದ ಉತ್ತರ ನಾಲಗೆಯ ತುದಿಯಲ್ಲಿತ್ತು. “ಹಿಡಿಯುವವರನ್ನೇ ಕೇಳಿ ಕಟ್ಟು” ಎಂದೆ. ನಾಲ್ಕು ದಿನದ ನಂತರ ಕಾರಿಡಾರಿನಲ್ಲಿ ಸಿಕ್ಕಿದಾಗ ಹೇಳಿದಳು: “ನಮ್ ತಾತ ಇನ್ನೂ ಒಸಿ ಕೆಳುಕ್ ಕಟ್ಟು ಅಂದ್ರು ಮಿಸ್. ಈಗ ಸರ್ಯಾಗದ.” ತಾತ ಎಂಬ ಮಾತು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಮುಂದೆ ಈ ಪಾಠ ಮಾಡುವವರಿಗೆ

ಮೌಲ್ಯಮಾಪನಕ್ಕೆ ನಾವು ಸಾಧನಗಳ ಹೆಸರು ಕೇಳಲಿಲ್ಲ. ಒಂದು ಮನೆಯ ನಕ್ಷೆ ಕೊಟ್ಟು, ‘ಇಲ್ಲಿ ಮೂರು ಬದಲಾವಣೆ ಸೂಚಿಸಿ, ಪ್ರತಿಯೊಂದಕ್ಕೂ ಬಲ, ಒತ್ತಡ ಅಥವಾ ಘರ್ಷಣೆಯ ಕಾರಣ ಕೊಡಿ, ಮನೆಯವರನ್ನು ಕೇಳಬೇಕಾದ ಒಂದು ಪ್ರಶ್ನೆ ಬರೆಯಿರಿ’ ಎಂದೆವು. ಕೊನೆಯ ಭಾಗಕ್ಕೆ ಅಂಕ ಇಡುವುದನ್ನು ಮರೆಯಬೇಡಿ. ಅಂಕ ಇಲ್ಲದಿದ್ದರೆ ಮಕ್ಕಳು ಅದನ್ನು ಬಿಟ್ಟುಬಿಡುತ್ತಾರೆ.

ಕೆಲವು ಮನೆಗಳಿಗೆ ಹಗ್ಗ, ಪೇಂಟ್ ಸಾಲದು. ಅಂಥಲ್ಲಿ ಶಿಕ್ಷಕರಿಗೆ ದಾರಿ ಗೊತ್ತಿರಬೇಕು. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಸಾಧನ ಸಲಕರಣೆಗಳಿಗಾಗಿ ಕೇಂದ್ರದ ಅಡಿಪ್ ಯೋಜನೆ 1981ರಿಂದಲೂ, ಬಡ ಹಿರಿಯ ನಾಗರಿಕರಿಗಾಗಿ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದಲೂ ಇವೆ. ಶ್ರವಣ ಪರೀಕ್ಷೆಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹಿರಿಯರ ಸಹಾಯವಾಣಿ 14567, ತುರ್ತಿಗೆ 112, ಆಂಬುಲೆನ್ಸಿಗೆ 108. ಬಟನ್ ಫೋನಿನಲ್ಲಿ ಒಂದೇ ಗುಂಡಿ ಒತ್ತಿ ಹಿಡಿದರೆ ಮಗನಿಗೋ ಪಕ್ಕದ ಮನೆಗೋ ಕರೆ ಹೋಗುವಂತೆ ಹೊಂದಿಸಿಕೊಡುವುದು ಎಂಟನೆಯ ತರಗತಿಯ ಮಕ್ಕಳಿಗೆ ಐದು ನಿಮಿಷದ ಕೆಲಸ. ನನ್ನ ಚಾರ್ಟಿನಲ್ಲಿದ್ದ ದುಬಾರಿ ಯಂತ್ರ ಮಾಡುವ ಕೆಲಸದ ಒಂದು ಪಾಲನ್ನು ಅದೂ ಮಾಡುತ್ತದೆ. ಫೋನನ್ನು ಹಾಸಿಗೆಯ ಪಕ್ಕ ಇಡದೆ ಕೊರಳಿಗೆ ದಾರ ಕಟ್ಟಿ ಹಾಕಿಕೊಳ್ಳಲು ಹೇಳಿ. ಬಿದ್ದವರಿಗೆ ಹಾಸಿಗೆಯೂ ದೂರ.

ಈ ಪಾಠಕ್ಕೆ ಎರಡು ಅವಧಿ ಸಾಲುವುದಿಲ್ಲ, ನಾಲ್ಕು ಇಟ್ಟುಕೊಳ್ಳಿ. ಹಾಳೆಯನ್ನು ಶುಕ್ರವಾರ ಕೊಟ್ಟು ಸೋಮವಾರ ತರಿಸಿದರೆ ಮಕ್ಕಳಿಗೆ ಅಳೆಯಲು ಸಮಯ ಸಿಗುತ್ತದೆ. ಚಾರ್ಟ್ ಬೇಕೆನಿಸಿದರೆ ಕೊನೆಯ ದಿನ ಮಾಡಿ. ಆಗ ಮಕ್ಕಳೇ ಅದರ ಪ್ರತಿ ಚಿತ್ರವನ್ನೂ ನೋಡಿ, ‘ಇದು ನಮ್ಮ ಹೊಸ್ತಿಲು ದಾಟುತ್ತದಾ?’ ಎಂದು ಕೇಳುತ್ತಾರೆ. ನನ್ನ ತರಗತಿಯಲ್ಲಿ ಕೇಳಿದರು.